ಮಿಲ್ಟ್ರಿ ಮನೆಯವರ ಮನಸ್ಸು, ಸಂಸಾರ: ಕರಾವಳಿಯ ಸೈನಿಕ ಕುಟುಂಬಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರ್ಕಳ, ಬೆಳ್ತಂಗಡಿ, ಕುಂದಾಪುರ, ಬಂಟ್ವಾಳ, ಪುತ್ತೂರು ಕಡೆಯ ಸೈನಿಕರ ಹೆಂಡಂದಿರು, ತಾಯಂದಿರು, ಕೆಲವೊಮ್ಮೆ ಸೈನಿಕರೇ ಕೇಳಿದ ಪ್ರಶ್ನೆಗಳಿವು. ಕೆಲವು ಮಂಗಳೂರಿನ ಮಿಲಿಟರಿ ಕ್ಯಾಂಟೀನಿನ ಸರದಿಯಲ್ಲಿ ನಿಂತಾಗ ಬಂದವು, ಕೆಲವು ಪತ್ರದಲ್ಲಿ, ಹೆಚ್ಚಿನವು ಮನೆಮಂದಿಯೆಲ್ಲ ಮಲಗಿದ ಮೇಲಿನ ಫೋನಿನಲ್ಲಿ. ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಇದೆ, ಬೆಂಗಳೂರಿನಲ್ಲಿ ಎಂಇಜಿ, ಅಂದರೆ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪಿನ ಕೇಂದ್ರ, ಇದೆ, ಕಾರವಾರದಲ್ಲಿ ನೌಕಾನೆಲೆ ಇದೆ. ದಕ್ಷಿಣ ಕನ್ನಡ, ಉಡುಪಿ, ನಮ್ಮ ಈ ಎರಡು ಜಿಲ್ಲೆಗಳಲ್ಲಿ ಪಣಂಬೂರಿನ ಕೋಸ್ಟ್ ಗಾರ್ಡ್ ಇದ್ದರೂ ದಂಡುಪ್ರದೇಶ ಎಂಬುದಿಲ್ಲ. ಹಾಗಾಗಿ ಇಲ್ಲಿನ ಸೈನಿಕನ ಹೆಂಡತಿಗೆ ಪಕ್ಕದ ಕ್ವಾರ್ಟರ್ಸಿನಲ್ಲಿ ಇನ್ನೊಬ್ಬ ಸೈನಿಕನ ಹೆಂಡತಿ ಸಿಗುವುದಿಲ್ಲ; ಎಷ್ಟೋ ಕಡೆ ಇಡೀ ಗ್ರಾಮಕ್ಕೆ ಅವಳೊಬ್ಬಳೇ. ಕೆಳಗಿನ ಬಹಳಷ್ಟು ಪ್ರಶ್ನೆಗಳ ಬೇರು ಅಲ್ಲಿದೆ ಎಂಬುದು ನನ್ನ ಅನಿಸಿಕೆ. ನಾನೂ ಸೈನಿಕನ ಹೆಂಡತಿಯೇ. ಕೇಳಿದವರ ಗುರುತು ಹತ್ತುವ ವಿವರಗಳನ್ನು ತೆಗೆದಿದ್ದೇನೆ.

## ಮೊದಮೊದಲು ಕೇಳುವವು

ಮಿಲ್ಟ್ರಿಯವರನ್ನು ಮದುವೆಯಾದ ಮೇಲೆ ಒಬ್ಬಳೇ ಇರುವುದು ಇದ್ದದ್ದೇ. ಇದಕ್ಕೆಲ್ಲ ಡಾಕ್ಟ್ರ ಹತ್ತಿರ ಹೋಗ್ಬೇಕಾ?

ಎಲ್ಲದಕ್ಕೂ ಬೇಡ. ರಜೆ ಮುಗಿಸಿ ಅವರು ಹೊರಟ ಮೇಲೆ ನಾಲ್ಕೈದು ದಿನ ಊಟ ಸೇರದಿರುವುದು, ಸುಮ್ಮನೆ ಅಳು ಬರುವುದು ಸಹಜ. ಅದು ಎಷ್ಟು ದಿನ ಉಳಿಯುತ್ತದೆ, ದಿನದ ಕೆಲಸವನ್ನು ಎಷ್ಟು ಕೆಡಿಸುತ್ತದೆ ಎಂಬುದನ್ನು ನೋಡಿ. ಎರಡು ವಾರಕ್ಕೂ ಮೀರಿ ಹೆಚ್ಚುಕಡಿಮೆ ಪ್ರತಿದಿನ ಮನಸ್ಸು ಕುಗ್ಗಿದ್ದರೆ, ನಿದ್ರೆ ಕೆಟ್ಟಿದ್ದರೆ, ಮೊದಲು ಇಷ್ಟಪಡುತ್ತಿದ್ದ ಯಾವುದೂ ಬೇಡವಾಗಿದ್ದರೆ ವೈದ್ಯರನ್ನು ಕಾಣಬೇಕು.

ನಮ್ಮ ಹೆಂಗಸರು ‘ಬೇಜಾರು’ ಎಂದು ಆಸ್ಪತ್ರೆಗೆ ಹೋಗುವುದು ಅಪರೂಪ. ತಲೆನೋವು, ಗ್ಯಾಸ್ಟ್ರಿಕ್, ಎದೆ ಡವಡವ, ಕೈಕಾಲು ಜೋಮು ಎಂದು ಹೋಗುತ್ತಾರೆ. ರಕ್ತ ಪರೀಕ್ಷೆ, ಇಸಿಜಿ, ಸ್ಕ್ಯಾನಿಂಗ್ ಎಲ್ಲ ಸರಿಯಾಗಿಯೇ ಬಂದು, ನೋವು ಮಾತ್ರ ಹಾಗೇ ಉಳಿದರೆ ಮನಸ್ಸಿನ ಕಡೆಗೂ ನೋಡುವುದು ಜಾಣತನ. ಬಾಣಂತನದಲ್ಲಿರುವವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಗಂಡ ಮಗುವಿನ ಮುಖವನ್ನು ಇನ್ನೂ ವಿಡಿಯೋ ಕಾಲಿನಲ್ಲಷ್ಟೇ ನೋಡಿರುವಾಗ ಬಾಣಂತಿ ಸದಾ ಅಳುತ್ತಿದ್ದರೆ, ಮಗುವನ್ನು ಎತ್ತಿಕೊಳ್ಳಲು ಮನಸ್ಸು ಮಾಡದಿದ್ದರೆ ಅದನ್ನು ಕೊಬ್ಬು ಎನ್ನಬೇಡಿ. ಹೆರಿಗೆಯ ನಂತರದ ಖಿನ್ನತೆ ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ಕಾಯಿಲೆ.

ಫೋನಿನಲ್ಲಿ ಮಾತಾಡ್ಲಿಕ್ಕೆ ಎಂತದೂ ಇರುವುದಿಲ್ಲ. ‘ಊಟ ಆಯ್ತಾ’, ‘ಆಯ್ತು’ ಅಷ್ಟೇ. ನಮ್ಮ ನಡುವೆ ಪ್ರೀತಿ ಮುಗಿಯಿತಾ?

ಮುಗಿದಿಲ್ಲ. ಈ ಪ್ರಶ್ನೆ ಕೇಳದ ಸೈನಿಕರ ಮನೆಯೇ ಕಡಿಮೆ. ಅವರು ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ಹೇಳುವ ಹಾಗಿಲ್ಲ, ಭದ್ರತೆಯ ಕಟ್ಟು. ಇವಳು ಅತ್ತೆಯ ಸಂಗತಿ, ಮಗುವಿನ ಜ್ವರ, ಸೊಸೈಟಿಯ ಸಾಲದ ಕಂತು ಹೇಳಿದರೆ ಅವರು ಅಲ್ಲಿ ಕೂತು ಚಿಂತೆ ಮಾಡುತ್ತಾರೆಂದು ನುಂಗಿಕೊಳ್ಳುತ್ತಾಳೆ. ಇಬ್ಬರೂ ಇನ್ನೊಬ್ಬರನ್ನು ಕಾಪಾಡಲು ಹೋಗಿ ಸುಮ್ಮನಾಗುತ್ತಾರೆ. ಕಡೆಗೆ ಉಳಿಯುವುದು ಊಟದ ವಿಚಾರ ಒಂದೇ.

ನಾನು ಹೇಳುವ ದಾರಿ ಇಷ್ಟು. ಕಷ್ಟವನ್ನು ಮುಚ್ಚಿಡಬೇಡಿ, ಆದರೆ ಹೇಳುವಾಗ ‘ಇದನ್ನು ನಾನು ನೋಡಿಕೊಳ್ಳುತ್ತೇನೆ, ಸುಮ್ಮನೆ ಕೇಳಿ ಸಾಕು’ ಅಥವಾ ‘ಇದಕ್ಕೆ ನೀವು ಒಂದು ತೀರ್ಮಾನ ಹೇಳಬೇಕು’ ಎಂದು ಮೊದಲೇ ಬಿಡಿಸಿ ಹೇಳಿ. ದೂರದಲ್ಲಿರುವ ಗಂಡಸಿಗೆ ಯಾವುದನ್ನು ಕೇಳಿ ಬಿಡಬೇಕು, ಯಾವುದಕ್ಕೆ ಓಡಾಡಬೇಕು ಎಂದು ತಿಳಿಯದೆ ಇರುವುದೇ ದೊಡ್ಡ ಹಿಂಸೆ. ಎರಡನೆಯದು, ಸಣ್ಣ ಸಂಗತಿ ಹೇಳಿ. ಹಿತ್ತಿಲಿನ ಬಾಳೆ ಗೊನೆ ಹಾಕಿದ್ದು, ಮಗಳು ಶಾಲೆಯ ಡ್ಯಾನ್ಸಿನಲ್ಲಿ ಮಧ್ಯದಲ್ಲೇ ಸ್ಟೇಜ್ ಬಿಟ್ಟು ಇಳಿದು ಬಂದದ್ದು. ಊರಿನ ದಿನ ಹೇಗೆ ಸಾಗುತ್ತಿದೆ ಎಂದು ಗೊತ್ತಿದ್ದವರು ರಜೆಯಲ್ಲಿ ಬಂದಾಗ ನೆಂಟರ ಹಾಗೆ ಇರುವುದಿಲ್ಲ.

ಪತ್ರ ಬರೆಯುವುದನ್ನು ಬಿಡಬೇಡಿ. 56 ಎಪಿಒ, 99 ಎಪಿಒ ಎಂಬ ಸೇನಾ ಅಂಚೆ ಕಚೇರಿಯ ವಿಳಾಸಕ್ಕೆ ಈಗಲೂ ಅಂಚೆ ಹೋಗುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟಿಲ್ಲದೆ ಟವರ್ ಸಾಯುತ್ತದೆ, ಅತ್ತ ಗಡಿಯ ಕಾವಲು ಪೋಸ್ಟಿನಲ್ಲಿ ಸಿಗ್ನಲ್ ಇರುವುದಿಲ್ಲ. ಜಗಳದ ಅರ್ಧದಲ್ಲಿ ಕಟ್ಟಾದ ಫೋನ್ ಮೂರು ದಿನ ಹಿಂಸೆ ಕೊಡುತ್ತದೆ. ಕಾಗದವನ್ನು ಅವರು ಎರಡು ಸಲ, ಹತ್ತು ಸಲ ಓದಬಹುದು.

ನಾನು ಗಂಡನ ಮನೆಯಲ್ಲಿ ಇರಬೇಕಾ, ತಾಯಿಮನೆಯಲ್ಲಿ ಇರಬೇಕಾ? ಎಲ್ಲಿದ್ದರೂ ಮಾತು ಬರ್ತದೆ.

ತುಳುನಾಡಿನಲ್ಲಿ ಇದಕ್ಕೆ ಉತ್ತರ ಸುಲಭವಾಗಬೇಕಿತ್ತು. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಮನೆಗಳಲ್ಲಿ ಹೆಣ್ಣು ತಾಯಿಮನೆಯಲ್ಲಿ ಇರುವುದು ನಾಚಿಕೆಯ ವಿಷಯವೇ ಆಗಿರಲಿಲ್ಲ. ಈಗ ಅದೇ ಮನೆಗಳಲ್ಲೂ ‘ಗಂಡ ಇಲ್ಲದಾಗ ಅಲ್ಲಿ ಎಂತ ಕೆಲಸ’ ಎಂದು ಕೇಳುತ್ತಾರೆ.

ನಿಮಗೆ ನಿದ್ರೆ ಬರುವ ಮನೆ ಯಾವುದು, ಮಗುವಿನ ಶಾಲೆ ಎಲ್ಲಿ ತಪ್ಪುವುದಿಲ್ಲ, ನಿಮ್ಮ ಕೆಲಸ ಎಲ್ಲಿ ನಡೆಯುತ್ತದೆ – ಈ ಮೂರನ್ನು ಇಟ್ಟುಕೊಂಡು ಗಂಡಹೆಂಡತಿ ಇಬ್ಬರೇ ತೀರ್ಮಾನ ಮಾಡಿ. ಅದನ್ನು ಅತ್ತೆ ಮಾವನಿಗೆ ಗಂಡನೇ ಹೇಳಬೇಕು. ಸೊಸೆಯ ಬಾಯಿಂದ ಬಂದರೆ ಅದು ಹಟ, ಮಗನ ಬಾಯಿಂದ ಬಂದರೆ ವ್ಯವಸ್ಥೆ; ನಮ್ಮ ಮನೆಗಳ ರೀತಿ ಹಾಗಿದೆ. ದುಡ್ಡಿನ ವಿಷಯವನ್ನೂ ಆಗಲೇ ಬಿಡಿಸಿ: ಅಪ್ಪ ಅಮ್ಮನಿಗೆ ತಿಂಗಳಿಗೆ ಎಷ್ಟು, ಹೆಂಡತಿಯ ಖಾತೆಗೆ ಎಷ್ಟು. ಮಾವನ ಖಾತೆಗೆ ಇಡೀ ಸಂಬಳ ಬಂದು, ಸೊಸೆ ಸ್ಯಾನಿಟರಿ ಪ್ಯಾಡಿಗೆ ಕೈಚಾಚುವ ಮನೆಯಲ್ಲಿ ಯಾವ ಆಪ್ತಸಮಾಲೋಚನೆಯೂ ನಡೆಯುವುದಿಲ್ಲ.

ಮದುವೆ ಆಗಿದೆ, ಆದರೆ ಆರ್ಮಿಯ ಪೇಪರಿನಲ್ಲಿ ನನ್ನ ಹೆಸರೇ ಇಲ್ಲ. ಇದು ಅಷ್ಟು ಮುಖ್ಯವಾ?

ಬಹಳ ಮುಖ್ಯ. ಮದುವೆಯಾದ ಸೈನಿಕ ಯುನಿಟ್ಟಿಗೆ ತಿಳಿಸಿ ಪಾರ್ಟ್ ಟು ಆರ್ಡರ್, ಅಂದರೆ ಸೇನೆಯ ದಾಖಲೆಯಲ್ಲಿ ಅಧಿಕೃತ ನಮೂದು, ಮಾಡಿಸಬೇಕು. ಅವಲಂಬಿತರ ಕಾರ್ಡ್, ಸೇನಾ ಆಸ್ಪತ್ರೆ, ಕ್ವಾರ್ಟರ್ಸ್, ಮುಂದೆ ಪಿಂಚಣಿ, ಎಲ್ಲವೂ ಅದರ ಮೇಲೆ ನಿಂತಿವೆ. ಮಗು ಹುಟ್ಟಿದಾಗಲೂ ಹಾಗೆಯೇ. ‘ಮುಂದಿನ ರಜೆಯಲ್ಲಿ ನೋಡುವ’ ಎಂದು ತಳ್ಳಬೇಡಿ. ಮದುವೆ ನೋಂದಣಿಯನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮಾಡಿಸಿ, ಪ್ರಮಾಣಪತ್ರದ ಪ್ರತಿಯನ್ನು ಅವರ ಕೈಗೆ ಕೊಟ್ಟು ಕಳಿಸಿ.

ಮಗ ಅಪ್ಪನ ಹತ್ತಿರ ಹೋಗುವುದೇ ಇಲ್ಲ. ಅವರಿಗೆ ಬೇಜಾರಾಗ್ತದೆ.

ಎರಡು ಮೂರು ವರ್ಷದ ಮಗುವಿಗೆ ಆರು ತಿಂಗಳು ಅಂದರೆ ಒಂದು ಜನ್ಮ. ಅಪ್ಪ ಬಂದ ದಿನವೇ ಎತ್ತಿ ಮುದ್ದಿಸಲು ಹೋಗದೆ, ಪಕ್ಕದಲ್ಲಿ ಕೂತು ಆಡಲಿ. ಸ್ನಾನ ಮಾಡಿಸುವುದು, ಅಂಗನವಾಡಿಗೆ ಬಿಡುವುದು, ಹೀಗೆ ಒಂದು ಕೆಲಸ ದಿನಾ ಅಪ್ಪನದ್ದೇ ಆಗಿರಲಿ. ‘ಅಪ್ಪ ಬಂದರೆ ಹೊಡೀತಾರೆ ನೋಡು’ ಎಂದು ವರ್ಷವಿಡೀ ಹೆದರಿಸಿಟ್ಟರೆ ಮಗು ಓಡುವುದು ಸಹಜವೇ. ದೊಡ್ಡ ಮಕ್ಕಳು ಹಾಸಿಗೆ ಒದ್ದೆ ಮಾಡುವುದು, ಶಾಲೆಗೆ ಹೋಗಲು ಹೊಟ್ಟೆನೋವು ಹೇಳುವುದು ತಿಂಗಳು ಕಳೆದರೂ ನಿಲ್ಲದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ.

ಅಮ್ಮನಿಗೆ ನಿದ್ರೆ ಇಲ್ಲ. ಟಿವಿ ಎದುರು ಕೂತವರು ಏಳುವುದೇ ಇಲ್ಲ.

2025ರ ಮೇ ತಿಂಗಳಲ್ಲಿ, ಆಪರೇಷನ್ ಸಿಂಧೂರದ ಆ ದಿನಗಳಲ್ಲಿ, ಈ ಪ್ರಶ್ನೆ ಒಂದೇ ಸಮನೆ ಬಂತು. ಆಗ ಶುರುವಾದ ಅಭ್ಯಾಸ ಕೆಲವು ಮನೆಗಳಲ್ಲಿ ಇನ್ನೂ ಬಿಟ್ಟಿಲ್ಲ. ಸುದ್ದಿವಾಹಿನಿ ನೋಡಿ ಮಗನ ಕ್ಷೇಮ ತಿಳಿಯುವುದಿಲ್ಲ. ಏನಾದರೂ ಆದರೆ ಸೇನೆಯೇ ಅಧಿಕೃತವಾಗಿ ಮನೆಗೆ ತಿಳಿಸುತ್ತದೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಸುದ್ದಿ ಸಾಕು ಎಂದು ಮನೆಯವರೇ ಗಟ್ಟಿಯಾಗಿ ನಿಲ್ಲಬೇಕು. ವಯಸ್ಸಾದವರ ಬಿಪಿ, ಸಕ್ಕರೆಯ ಮಾತ್ರೆ ಈ ಗಡಿಬಿಡಿಯಲ್ಲಿ ತಪ್ಪುತ್ತದೆ, ನೋಡಿಕೊಳ್ಳಿ.

## ರಜೆ ಮತ್ತು ಜಗಳ

ರಜೆಯಲ್ಲಿ ಬಂದರೆ ಮೊದಲ ವಾರ ಚಂದ. ಮತ್ತೆ ದಿನಾ ಜಗಳ. ಹೋದ ಮೇಲೆ ಅಯ್ಯೋ ಅನ್ನಿಸ್ತದೆ. ಯಾಕೆ ಹೀಗೆ?

ಜವಾನರಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುವಲ್ ರಜೆ. ಕೇಳಲು ಧಾರಾಳ. ಆದರೆ ಆ ದಿನಗಳಲ್ಲಿ ನಾಗರಪಂಚಮಿಯ ತನು (ನಾಗನಿಗೆ ಹಾಲೆರೆಯುವುದು), ಕುಟುಂಬದ ದೈವದ ನೇಮ, ತಂಗಿಯ ಮದುವೆ, ಮನೆಯ ಹಂಚು ಸರಿಮಾಡಿಸುವುದು, ಜಾಗದ ಆರ್‌ಟಿಸಿ, ಬ್ಯಾಂಕು, ಗೆಳೆಯರು ಎಲ್ಲ ತುಂಬಿರುತ್ತವೆ. ಹೆಂಡತಿಗೆ ಉಳಿಯುವುದು ರಾತ್ರಿ ಹನ್ನೊಂದರ ಮೇಲಿನ ಸುಸ್ತಾದ ಗಂಡ.

ಇನ್ನೊಂದು ಕಾರಣ ಅಡುಗೆಮನೆಯಲ್ಲಿದೆ. ಹತ್ತು ತಿಂಗಳು ಅವಳೊಬ್ಬಳೇ ಮನೆ ನಡೆಸಿದ್ದಾಳೆ. ಗ್ಯಾಸ್ ಬುಕ್ ಮಾಡಿದ್ದು, ಮಗನಿಗೆ ಟ್ಯೂಷನ್ ಹುಡುಕಿದ್ದು, ಬಾವಿಯ ಪಂಪ್ ರಿಪೇರಿಯವನ ಹತ್ತಿರ ಜಗಳ ಆಡಿದ್ದು ಅವಳೇ. ಅವರು ಬಂದ ಮೂರನೇ ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ಎಲ್ಲರೂ ಮಲಗಿರುವಾಗ ಶೆಲ್ಫಿನ ಡಬ್ಬಗಳನ್ನೆಲ್ಲ ಇಳಿಸಿ, ಒರೆಸಿ, ಎತ್ತರದ ಪ್ರಕಾರ ಸಾಲಾಗಿ ಜೋಡಿಸಿಡುತ್ತಾರೆ. ಅವರ ಮನಸ್ಸಿನಲ್ಲಿ ಅದು ಸಹಾಯ. ಮೆಂತೆಯ ಡಬ್ಬ ಎಲ್ಲಿ ಹೋಯಿತೆಂದು ಹುಡುಕುವ ಅವಳ ಕಿವಿಗೆ ಅದು ‘ನಿನಗೆ ಮನೆ ಇಡಲು ಬರುವುದಿಲ್ಲ’ ಎಂದು ಕೇಳಿಸುತ್ತದೆ.

ರಜೆಯ ಮೊದಲ ವಾರ ಮನೆಯ ವ್ಯವಸ್ಥೆ ಇದ್ದ ಹಾಗೇ ಇರಲಿ, ಅವರು ನೋಡಿ ತಿಳಿಯಲಿ. ಆಮೇಲೆ ಯಾವ ಕೆಲಸ ಅವರದು ಎಂದು ಹಂಚಿಕೊಳ್ಳಿ. ಟಿಕೆಟ್ ಬುಕ್ ಮಾಡುವ ದಿನವೇ ಎರಡು ಮೂರು ದಿನವನ್ನು ಗಂಡ, ಹೆಂಡತಿ, ಮಕ್ಕಳಿಗೆಂದು ತೆಗೆದಿಡಿ, ಯಾವ ನೆಂಟರಿಗೂ ಅದನ್ನು ಬಿಟ್ಟುಕೊಡಬೇಡಿ. ಹೊರಡುವ ಮುಂಚಿನ ದಿನಗಳಲ್ಲಿ ಸಣ್ಣದಕ್ಕೂ ಸಿಡಿಮಿಡಿ ಆಗುವುದು ಅಗಲಿಕೆಯ ಸಂಕಟ. ಮಂಗಳಾ ಎಕ್ಸ್‌ಪ್ರೆಸ್ ಹತ್ತುವ ಹಿಂದಿನ ರಾತ್ರಿ ಆಡಿದ ಮಾತನ್ನು ವರ್ಷವಿಡೀ ಎಣಿಸುತ್ತ ಕೂರಬೇಡಿ.

ಅವರಿಗೆ ನನ್ನ ಮೇಲೆ ಅನುಮಾನ. ಫೋನ್ ಎಂಗೇಜ್ ಬಂದರೆ ಯಾರ ಹತ್ತಿರ ಮಾತಾಡಿದ್ದು ಅಂತ ಕೇಳ್ತಾರೆ.

ದೂರ ಇದ್ದವರಿಗೆ ಆತಂಕ ಸಹಜ. ಯುನಿಟ್ಟಿನಲ್ಲಿ ಯಾರದ್ದೋ ಮನೆ ಒಡೆದ ಕತೆ ಕೇಳಿ ಬಂದಿರುತ್ತಾರೆ. ಅಂಥದ್ದನ್ನು ಮಾತಿನಲ್ಲಿ ಕರಗಿಸಬಹುದು. ‘ನೀವು ಕೇಳಿದ ರೀತಿಗೆ ನೋವಾಯಿತು, ಹೆದರಿಕೆ ಎಂತದ್ದು ಅದನ್ನು ಹೇಳಿ’ ಎಂದು ಕೇಳಿ.

ಆದರೆ ಪ್ರತಿ ಗಂಟೆಗೆ ವಿಡಿಯೋ ಕಾಲ್ ಮಾಡಿ ಕೋಣೆ ತೋರಿಸು ಎನ್ನುವುದು, ಕೆಲಸ ಬಿಡಿಸುವುದು, ತಂಗಿಯ ಕೈಲಿ ಕಾವಲು ಹಾಕಿಸುವುದು ಪ್ರೀತಿಯ ಲೆಕ್ಕಕ್ಕೆ ಬರುವುದಿಲ್ಲ. ಅದು ಹಿಂಸೆ. ಸಾಕ್ಷಿ ತೋರಿಸಿದರೂ ಅಲುಗದ, ಇಲ್ಲದ್ದನ್ನು ಇದೆ ಎಂದೇ ನಂಬಿದ ಸಂಶಯವಾದರೆ ಅದು ಕಾಯಿಲೆಯೂ ಆಗಿರಬಹುದು, ಕುಡಿತದ ಜೊತೆ ಇನ್ನೂ ಹೆಚ್ಚು. ಅದಕ್ಕೆ ಆಣೆ ಪ್ರಮಾಣ ಸಾಕಾಗುವುದಿಲ್ಲ, ಮನೋವೈದ್ಯರೇ ಬೇಕು.

ಕ್ಯಾಂಟೀನ್ ಕೋಟಾ ಉಂಟಲ್ಲ, ದಿನಾ ಎರಡು ಪೆಗ್. ಮಿಲ್ಟ್ರಿಯವರಿಗೆ ಅದೆಲ್ಲ ಮಾಮೂಲು ಅಂತಾರೆ. ಹೌದಾ?

ಕೋಟಾ ಇರುವುದು ಕೊಳ್ಳಲು, ಕುಡಿದು ಮುಗಿಸಲೇಬೇಕೆಂದು ಅಲ್ಲ. ಕುಡಿಯದಿದ್ದರೆ ಕೈ ನಡುಗುವುದು, ನಿದ್ರೆ ಬಾರದಿರುವುದು, ಬೆಳಿಗ್ಗೆಯೇ ಶುರು ಮಾಡುವುದು, ಬಿಡುತ್ತೇನೆಂದು ಬಿಡಲಾಗದಿರುವುದು ಕಂಡರೆ ಅದು ಅವಲಂಬನೆ.

ಒಂದು ಎಚ್ಚರಿಕೆ. ವರ್ಷಗಟ್ಟಲೆ ದಿನಾ ಕುಡಿದವರನ್ನು ದೇವರ ಮುಂದೆ ಪ್ರಮಾಣ ಮಾಡಿಸಿ ಒಂದೇ ದಿನಕ್ಕೆ ನಿಲ್ಲಿಸಬೇಡಿ. ಎರಡು ಮೂರು ದಿನಗಳಲ್ಲಿ ಅಪಸ್ಮಾರ ಬರಬಹುದು, ಇಲ್ಲದ್ದನ್ನು ಕಂಡು ಕನವರಿಸಬಹುದು, ಜೀವಕ್ಕೇ ಅಪಾಯವಾಗಬಹುದು. ಬಿಡಿಸುವುದು ಆಸ್ಪತ್ರೆಯಲ್ಲಿ, ಔಷಧದ ರಕ್ಷಣೆಯಲ್ಲಿ ಆಗಬೇಕು. ಉಡುಪಿಯ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ ಈ ಕೆಲಸಕ್ಕೆ ಹೆಸರಾದದ್ದು. ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳೂ ನಡೆಯುತ್ತವೆ. ಮೈ ನಡುಕ ಜೋರಿದ್ದವರು ಮೊದಲು ವೈದ್ಯರಿಗೆ ತೋರಿಸಿಯೇ ಹೋಗಲಿ.

## ಮನಸ್ಸಿನ ಕಾಯಿಲೆ, ಚಿಕಿತ್ಸೆ

ನೇಮದ ಗರ್ನಾಲ್ (ಸಿಡಿಮದ್ದು) ಶಬ್ದಕ್ಕೆ ಬೆಚ್ಚಿ ಬೀಳ್ತಾರೆ. ಇದು ಪಿಟಿಎಸ್‌ಡಿಯಾ?

ಪಿಟಿಎಸ್‌ಡಿ ಅಂದರೆ ಭೀಕರ ಘಟನೆಯ ನಂತರ ಉಳಿಯುವ ಮನಸ್ಸಿನ ಆಘಾತದ ಕಾಯಿಲೆ. ಬೆಚ್ಚಿದ ಮಾತ್ರಕ್ಕೆ ಹೇಳಲಾಗದು, ಗರ್ನಾಲಿಗೆ ನಾವೂ ಬೆಚ್ಚುತ್ತೇವೆ. ಜೊತೆಗೆ ಇನ್ನೇನಿದೆ ನೋಡಿ. ನಡೆದ ಘಟನೆ ಕನಸಿನಲ್ಲಿ, ಎಚ್ಚರದಲ್ಲಿ ಮತ್ತೆ ಮತ್ತೆ ಕಣ್ಣೆದುರು ಬರುವುದು. ಅದನ್ನು ನೆನಪಿಸುವ ಜಾಗ, ಜನ, ಮಾತಿನಿಂದ ದೂರ ಓಡುವುದು. ಯಾರ ಮೇಲೂ ಮಮತೆ ಹುಟ್ಟದೆ ಮರಗಟ್ಟಿದಂತಿರುವುದು. ಸದಾ ಕಾವಲು ಕಾಯುವವರ ಹಾಗೆ ಬಾಗಿಲಿಗೆ ಎದುರಾಗಿಯೇ ಕೂರುವುದು, ಸಿಟ್ಟು ನೆತ್ತಿಗೇರುವುದು. ಇವೆಲ್ಲ ತಿಂಗಳಿಗಿಂತ ಹೆಚ್ಚು ಕಾಲ ಉಳಿದು ಬದುಕನ್ನು ಹಾಳುಮಾಡುತ್ತಿದ್ದರೆ ಮನೋವೈದ್ಯರು ಆ ಹೆಸರು ಹೇಳಬಹುದು. ಗಡಿಯಲ್ಲಿ ಇದ್ದು ಬಂದವರಲ್ಲಿ ಹೆಚ್ಚಿನವರಿಗೆ ಅದು ಬರುವುದಿಲ್ಲ.

ನಿದ್ರೆಯಲ್ಲಿ ಚೀರಿದರೆ ಮೈ ಹಿಡಿದು ಅಲುಗಾಡಿಸಬೇಡಿ. ದೂರದಲ್ಲಿ ನಿಂತು ಹೆಸರು ಕರೆದು, ದೀಪ ಹಾಕಿ, ‘ಮನೆಯಲ್ಲಿದ್ದೀರಿ’ ಎಂದು ಹೇಳಿ. ‘ಅಲ್ಲಿ ಎಂತ ಆಯ್ತು ಹೇಳಿ’ ಎಂದು ಒತ್ತಾಯಿಸಬೇಡಿ. ಅದನ್ನು ಹೊರತೆಗೆಯುವ ಕ್ರಮ ಚಿಕಿತ್ಸಕರಿಗೆ ಗೊತ್ತು.

ಅತ್ತೆ ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಡಿಸುವ ಅಂತಾರೆ. ದೈವದ ತೊಂದರೆ, ನಾಗನ ದೋಷ ಅಂತ. ಡಾಕ್ಟ್ರ ಹತ್ತಿರ ಬಿಡುವುದಿಲ್ಲ.

ಅತ್ತೆಯ ಹತ್ತಿರ ವಾದ ಮಾಡಬೇಡಿ. ದೈವಕ್ಕೆ ಕೈಮುಗಿದು ಬರುವುದರಿಂದ ಮನಸ್ಸಿಗೆ ಬಲ ಬರುವುದಿದ್ದರೆ ಬರಲಿ. ‘ದೈವದ ಕೆಲಸ ದೈವಕ್ಕೆ, ಮದ್ದಿನ ಕೆಲಸ ಮದ್ದಿಗೆ’ ಎಂದರೆ ಬಹಳ ಮಂದಿ ಒಪ್ಪುತ್ತಾರೆ. ನಾನು ಬೇಡ ಎನ್ನುವುದು ಮೂರಕ್ಕೆ: ಮಾತ್ರೆ ನಿಲ್ಲಿಸುವುದು, ಮಾಟ ತೆಗೆಯುತ್ತೇನೆಂದು ಸಾವಿರಗಟ್ಟಲೆ ಕೇಳುವವರ ಬಳಿ ಹೋಗುವುದು, ಹೊಡೆತ ಬಡಿತ. ಖಿನ್ನತೆಯ ಮಾತ್ರೆ ಕೆಲಸ ತೋರಿಸಲು ಎರಡರಿಂದ ಆರು ವಾರ ಬೇಕು. ಎಷ್ಟೋ ಮನೆಗಳಲ್ಲಿ ಹತ್ತನೇ ದಿನಕ್ಕೆ ‘ಮದ್ದು ಹಿಡಿಯಲಿಲ್ಲ’ ಎಂದು ಬಿಟ್ಟುಬಿಡುತ್ತಾರೆ.

ಮನೋವೈದ್ಯರಿಗೆ ತೋರಿಸಿದ್ದು ಗೊತ್ತಾದರೆ ಅವರ ಕೆಲಸ ಹೋಗ್ತದಾ?

ನೀವು, ಅಂದರೆ ಹೆಂಡತಿ, ಮಕ್ಕಳು, ತಂದೆತಾಯಿ ಚಿಕಿತ್ಸೆ ಪಡೆದರೆ ಅವರ ವೈದ್ಯಕೀಯ ದರ್ಜೆಗೆ ಅದರಿಂದ ಏನೂ ಆಗುವುದಿಲ್ಲ. ಈ ಹೆದರಿಕೆಯಿಂದ ಸುಮ್ಮನಿರುವ ಹೆಂಗಸರು ಬಹಳ. ದಯವಿಟ್ಟು ಅದನ್ನು ಬಿಡಿ.

ಸೈನಿಕನೇ ಚಿಕಿತ್ಸೆ ಪಡೆದಾಗ ಸಂಗತಿ ಬೇರೆ, ಅದನ್ನು ಸಕ್ಕರೆ ಹಚ್ಚಿ ಹೇಳಲಾರೆ. ಸೇನೆಯ ದೇಹಕ್ಷಮತೆಯ ಲೆಕ್ಕ ‘ಶೇಪ್’ ಎಂಬ ಐದು ಅಕ್ಷರಗಳಲ್ಲಿದೆ, ಅದರ ಮೊದಲ ‘ಎಸ್’ ಮನಸ್ಸಿನದು. ಕಾಯಿಲೆ ಗುರುತಿಸಿದರೆ ದರ್ಜೆ ತಾತ್ಕಾಲಿಕವಾಗಿ ಇಳಿಯಬಹುದು, ಶಸ್ತ್ರದ ಕರ್ತವ್ಯ, ಪೋಸ್ಟಿಂಗ್, ಬಡ್ತಿಯ ಮೇಲೆ ಪರಿಣಾಮ ಆಗಬಹುದು. ಆದರೆ ಕಾಲಕಾಲಕ್ಕೆ ಮರುಪರಿಶೀಲನೆ ಇದೆ, ಗುಣವಾದವರು ಮೇಲಿನ ದರ್ಜೆಗೆ ಮರಳುತ್ತಾರೆ. ಚಿಕಿತ್ಸೆ ಪಡೆದ ಕಾರಣಕ್ಕೇ ಯಾರನ್ನೂ ಮರುದಿನ ಮನೆಗೆ ಕಳಿಸುವುದಿಲ್ಲ. ಊರಿನಲ್ಲಿ ಗುಟ್ಟಾಗಿ ನಿದ್ರೆಯ ಮಾತ್ರೆ ಬರೆಸಿಕೊಂಡು ಹೋಗಿ ಅಲ್ಲಿ ಬಂದೂಕು ಹಿಡಿದು ಕಾವಲಿಗೆ ನಿಲ್ಲುವುದು ಅವರಿಗೂ ಜೊತೆಯವರಿಗೂ ಅಪಾಯ. ರೆಜಿಮೆಂಟಿನ ವೈದ್ಯಾಧಿಕಾರಿಗೆ, ಅಷ್ಟು ಧೈರ್ಯ ಇಲ್ಲದಿದ್ದರೆ ಮೊದಲು ಯುನಿಟ್ಟಿನ ಧರ್ಮಗುರುಗಳಿಗೆ ಹೇಳಲಿ.

ಹೋಗುವುದಾದರೆ ಎಲ್ಲಿಗೆ? ಖರ್ಚು ಎಷ್ಟು?

ಮೊದಲ ಹೆಜ್ಜೆ ಫೋನು. 14416 ಟೆಲಿ ಮಾನಸ್: ಹಗಲೂ ರಾತ್ರಿ, ಉಚಿತ, ಕನ್ನಡದಲ್ಲಿ. 2022ರ ಅಕ್ಟೋಬರ್ 10ರಂದು ಶುರುವಾಯಿತು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಸೇನಾಪಡೆಗಳವರಿಗೆ, ಅವರ ಕುಟುಂಬಕ್ಕೆ ಎಂದೇ ಪುಣೆಯ ಸೇನಾ ವೈದ್ಯಕೀಯ ಕಾಲೇಜು ಎಎಫ್‌ಎಂಸಿಯಲ್ಲಿ ಪ್ರತ್ಯೇಕ ಘಟಕ 2023ರ ಡಿಸೆಂಬರಿನಲ್ಲಿ ಆರಂಭವಾಗಿದೆ.

ಮುಖ ನೋಡಿ ಮಾತಾಡಬೇಕಾದರೆ ಮಂಗಳೂರಿನ ವೆನ್‌ಲಾಕ್, ಉಡುಪಿಯ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ ದಿನ ಖಚಿತ ಮಾಡಿಕೊಳ್ಳಿ. ಕಂಕನಾಡಿಯ ಫಾದರ್ ಮುಲ್ಲರ್, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಗಳಲ್ಲಿ ದೊಡ್ಡ ಮನೋವೈದ್ಯಕೀಯ ವಿಭಾಗಗಳಿವೆ. ನಿವೃತ್ತ ಸೈನಿಕರ ಆರೋಗ್ಯಕ್ಕೆಂದು 2003ರಿಂದ ಇರುವ ಇಸಿಎಚ್‌ಎಸ್ ಯೋಜನೆಯಲ್ಲಿ ಮನೋವೈದ್ಯಕೀಯ ಚಿಕಿತ್ಸೆಯೂ ಸೇರಿದೆ, ಮಂಗಳೂರಿನ ಪಾಲಿಕ್ಲಿನಿಕ್‌ನಿಂದ ರೆಫರಲ್ ಪಡೆಯಬೇಕು. ಸೇವೆಯಲ್ಲಿರುವವರ ಕುಟುಂಬಕ್ಕೆ ಸೇನಾ ಆಸ್ಪತ್ರೆ ಬೇಕೆಂದರೆ ಕಾರವಾರದ ಐಎನ್‌ಎಚ್‌ಎಸ್ ಪತಂಜಲಿ, ಕೇರಳದ ಏಳಿಮಲೆಯ ನವಜೀವನಿ, ಬೆಂಗಳೂರಿನ ಕಮಾಂಡ್ ಆಸ್ಪತ್ರೆ. ಅವಲಂಬಿತರ ಕಾರ್ಡ್ ತೆಗೆದುಕೊಂಡು ಹೋಗಿ. ಬಿಎಸ್‌ಎಫ್, ಸಿಆರ್‌ಪಿಎಫ್‌ನವರು ಗೃಹ ಸಚಿವಾಲಯದ ಕೆಳಗೆ ಬರುವುದರಿಂದ ಅವರಿಗೆ ಇಸಿಎಚ್‌ಎಸ್ ಇಲ್ಲ, ಆಯುಷ್ಮಾನ್ ಸಿಎಪಿಎಫ್ ಇದೆ. ಖಾಸಗಿ ಆರೋಗ್ಯ ವಿಮೆ ಇದ್ದರೆ, 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ದೇಹದ ಕಾಯಿಲೆಗೆ ಕೊಟ್ಟ ಹಾಗೆಯೇ ಇದಕ್ಕೂ ಕೊಡಬೇಕು. ವೈದ್ಯರು ನಿಮ್ಮ ವಿಷಯ ಗುಟ್ಟಾಗಿಡಬೇಕೆಂದು ಹೇಳುವುದೂ ಅದೇ ಕಾಯ್ದೆ.

‘ನನಗೆ ಸಾಕಾಯ್ತು, ಮಕ್ಕಳನ್ನು ನೋಡಿಕೋ’ ಅಂತ ಫೋನಿನಲ್ಲಿ ಹೇಳಿದರು. ಸುಮ್ಮನೆ ಹೆದರಿಸಿದ್ದಾ?

ಹೆದರಿಸಿದ್ದು ಎಂದು ಎಂದೂ ಎಣಿಸಬೇಡಿ. ನೇರವಾಗಿಯೇ ಕೇಳಿ: ‘ಸಾಯುವ ಯೋಚನೆ ಬರ್ತಾ ಉಂಟಾ?’ ಕೇಳಿದರೆ ಹೊಸದಾಗಿ ಯೋಚನೆ ಹುಟ್ಟುವುದಿಲ್ಲ, ಎದೆಯ ಭಾರ ಇಳಿಯುತ್ತದೆ. ಮಾತು ಮುಂದುವರಿಸಿಕೊಂಡೇ ಇನ್ನೊಂದು ಫೋನಿನಿಂದ ಯುನಿಟ್ಟಿಗೆ ತಿಳಿಸಿ. ಕಂಪನಿ ಕಮಾಂಡರ್, ಸುಬೇದಾರ್ ಸಾಹೇಬರು, ಪಕ್ಕದ ಮಂಚದ ಗೆಳೆಯ, ಯಾರಾದರೂ ಸರಿ, ಅವರನ್ನು ಒಬ್ಬರೇ ಬಿಡದಂತೆ, ಆಯುಧ ಕೈಗೆ ಸಿಗದಂತೆ ನೋಡಿಕೊಳ್ಳುತ್ತಾರೆ. ಈ ನಂಬರುಗಳನ್ನು ಅವರು ಊರಿನಲ್ಲಿದ್ದಾಗಲೇ ಬರೆಸಿಟ್ಟುಕೊಳ್ಳಿ. ‘ಮರ್ಯಾದೆ ತೆಗೆದೆ’ ಎಂದು ಆಮೇಲೆ ಸಿಟ್ಟು ಮಾಡಬಹುದು. ಮಾಡಲಿ, ಜೀವ ಇದ್ದರೆ ತಾನೇ ಸಿಟ್ಟು.

ಊರಿನಲ್ಲೇ ಇದ್ದಾಗಲಾದರೆ ಒಂಟಿಯಾಗಿ ಬಿಡದೆ, ತೋಟಕ್ಕೆ ಹೊಡೆಯುವ ಮದ್ದು, ಕೋವಿ, ಹಗ್ಗ ದೂರ ಮಾಡಿ ಆಸ್ಪತ್ರೆಗೆ ಕರೆದೊಯ್ಯಿರಿ, ಅಥವಾ 112ಕ್ಕೆ ಕರೆ ಮಾಡಿ. ಇಂಥ ಪ್ರಯತ್ನ ಮಾಡಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕೆಂದು 2017ರ ಕಾಯ್ದೆ ಹೇಳುತ್ತದೆ. ಪೊಲೀಸ್ ಕೇಸಿನ ಹೆದರಿಕೆಯಿಂದ ಆಸ್ಪತ್ರೆ ತಪ್ಪಿಸಬೇಡಿ. ಇದೇ ಯೋಚನೆ ನಿಮಗೇ ಬಂದರೆ ಇನ್ನೊಬ್ಬರ ಒಪ್ಪಿಗೆಗೆ ಕಾಯದೆ ಈಗಲೇ 14416.

ರಜೆ ಮುಗಿದರೂ ಹೋಗ್ತಾ ಇಲ್ಲ. ಕೋಣೆ ಬಿಟ್ಟು ಹೊರಗೆ ಬರುವುದಿಲ್ಲ.

ದಿನ ಕಳೆಯಲು ಬಿಡಬೇಡಿ. ರಜೆ ಮೀರಿ ಉಳಿಯುವುದು ಸೇನೆಯಲ್ಲಿ ಅಪರಾಧ. 30 ದಿನ ಗೈರಾದರೆ ಸೇನಾ ಕಾಯ್ದೆಯಂತೆ ಸೇನೆಯೊಳಗಿನ ವಿಚಾರಣಾ ಮಂಡಳಿ (ಕೋರ್ಟ್ ಆಫ್ ಎನ್‌ಕ್ವಯರಿ) ಕೂರುತ್ತದೆ, ಮುಂದೆ ಅವರನ್ನು ಓಡಿಹೋದವರೆಂದು ಬರೆಯುವವರೆಗೂ ಹೋಗಬಹುದು. ಸರ್ಕಾರಿ ಆಸ್ಪತ್ರೆಗೆ ಅಥವಾ ಹತ್ತಿರದ ಸೇನಾ ಆಸ್ಪತ್ರೆಗೆ ಕರೆದೊಯ್ದು ದಾಖಲೆ ಮಾಡಿಸಿ, ಅದೇ ದಿನ ಯುನಿಟ್ಟಿಗೆ ಫೋನ್ ಮಾಡಿ, ಲಿಖಿತವಾಗಿಯೂ ಕಳಿಸಿ. ರಸೀದಿ ಇಟ್ಟುಕೊಳ್ಳಿ. ಕಾಯಿಲೆ ಎಂದು ಸಮಯಕ್ಕೆ ತಿಳಿಸಿದವರಿಗೂ ಮುಚ್ಚಿಟ್ಟು ಸಿಕ್ಕಿಬಿದ್ದವರಿಗೂ ಬಹಳ ವ್ಯತ್ಯಾಸ ಇದೆ.

## ಸಂಸಾರ ಮುರಿಯುವ ಹಂತಕ್ಕೆ ಬಂದಾಗ

ಹೊಡೀತಾರೆ. ದೇಶ ಕಾಯುವವನ ಮೇಲೆ ದೂರು ಕೊಡುವುದಾ ಅಂತ ನನ್ನ ಅಪ್ಪನೇ ಹೇಳ್ತಾರೆ.

ದೇಶ ಕಾಯುವುದು ಹೊಡೆಯಲು ಪರವಾನಗಿ ಅಲ್ಲ. 2005ರ ಕೌಟುಂಬಿಕ ಹಿಂಸೆಯ ಕಾಯ್ದೆ ಸೈನಿಕನ ಮನೆಗೂ ಅನ್ವಯ. ಅವರಿಗೆ ಮನಸ್ಸಿನ ಕಾಯಿಲೆ ಇದ್ದರೂ ಹೊಡೆತ ತಿನ್ನುತ್ತ ಶುಶ್ರೂಷೆ ಮಾಡುವ ಕರ್ತವ್ಯ ನಿಮಗಿಲ್ಲ. ಮೊದಲು ನೀವು, ಮಕ್ಕಳು ಸುರಕ್ಷಿತ ಜಾಗಕ್ಕೆ ಹೋಗಿ. ಮಹಿಳಾ ಸಹಾಯವಾಣಿ 181, ಜಿಲ್ಲೆಯ ಸಖಿ ಕೇಂದ್ರ, ತುರ್ತಿಗೆ 112. ಗಾಯಕ್ಕೆ ಚಿಕಿತ್ಸೆ ಪಡೆಯುವಾಗ ಹೇಗಾಯಿತೆಂದು ನಿಜ ಹೇಳಿ, ‘ಜಾರಿ ಬಿದ್ದೆ’ ಎಂದು ಬರೆಸಬೇಡಿ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ.

ದುಡ್ಡು ಕಳಿಸುವುದೇ ಇಲ್ಲ. ಸಿಒಗೆ (ಯುನಿಟ್ಟಿನ ಕಮಾಂಡಿಂಗ್ ಆಫೀಸರಿಗೆ) ಕಾಗದ ಬರೆದರೆ ಎಂತಾದರೂ ಆಗ್ತದಾ?

ಆಗುತ್ತದೆ. ಹೆಂಡತಿಮಕ್ಕಳನ್ನು ಸಾಕದ ಸೈನಿಕನ ಸಂಬಳದಿಂದಲೇ ಜೀವನಾಂಶ ಕಡಿತ ಮಾಡಲು 1950ರ ಸೇನಾ ಕಾಯ್ದೆಯಲ್ಲಿ ಅವಕಾಶ ಇದೆ: ಅಧಿಕಾರಿಗಳಿಗೆ 90ನೇ, ಉಳಿದವರಿಗೆ 91ನೇ ಸೆಕ್ಷನ್. ಹೆಂಡತಿಗೆ ಹೆಚ್ಚೆಂದರೆ ಸಂಬಳದ ಶೇ. 22, ಮಗುವೊಂದಕ್ಕೆ ಶೇ. 5.5, ಒಟ್ಟು ಶೇ. 33 ಮೀರದಂತೆ. ಅರ್ಜಿಯಲ್ಲಿ ಅವರ ನಂಬರು, ರ್‍ಯಾಂಕ್, ಯುನಿಟ್, ಮದುವೆಯ ದಾಖಲೆ, ಮಕ್ಕಳ ಜನನ ಪ್ರಮಾಣಪತ್ರ, ಯಾವ ತಿಂಗಳಿನಿಂದ ಹಣ ನಿಂತಿದೆ ಎಂಬುದು ಇರಲಿ. ಬೈಗಳು ಬೇಡ, ಘಟನೆ ಮತ್ತು ತಾರೀಕು ಸಾಕು. ಸೈನಿಕನಿಗೆ ಕಾರಣ ಕೇಳಿ ನೋಟಿಸ್ ಹೋಗಿ, ಅವರ ಉತ್ತರ ನೋಡಿಯೇ ಆದೇಶ ಆಗುತ್ತದೆ, ಹಾಗಾಗಿ ಸಮಯ ಹಿಡಿಯುತ್ತದೆ. ಕೋರ್ಟಿನ ದಾರಿಯೂ ಬೇರೆಯಾಗಿ ಇದ್ದೇ ಇದೆ.

ಆದರೆ ಮಾತಿನಲ್ಲಿ ಬಗೆಹರಿಯುವ ಜಗಳಕ್ಕೆ ಈ ಕಾಗದ ಬರೆಯಬೇಡಿ. ಅಧಿಕಾರಿಯ ಮುಂದೆ ನಿಲ್ಲಿಸಿದ ನೆನಪು ಗಂಡಸಿನ ಮನಸ್ಸಿನಿಂದ ಬೇಗ ಹೋಗುವುದಿಲ್ಲ.

ಡೈವೋರ್ಸ್ ನೋಟಿಸ್ ಬಂದಿದೆ. ಅವರು ಗಡಿಯಲ್ಲಿದ್ದಾರೆ. ಈಗ ಎಂತ?

ನೋಟಿಸ್ ಬಂದಾಕ್ಷಣ ಮದುವೆ ಮುಗಿಯುವುದಿಲ್ಲ. ಕೌಟುಂಬಿಕ ನ್ಯಾಯಾಲಯ ಮೊದಲು ರಾಜಿಗೆ ಪ್ರಯತ್ನಿಸಲೇಬೇಕು, 1984ರ ಕಾಯ್ದೆ ಹಾಗೆ ಹೇಳುತ್ತದೆ. ಆ ಮಧ್ಯಸ್ಥಿಕೆಯ ದಿನಗಳನ್ನು ತಪ್ಪಿಸಬೇಡಿ. ಎಷ್ಟೋ ದಂಪತಿಗಳು ನೆಂಟರಿಲ್ಲದೆ ಎದುರುಬದುರು ಕೂತು ಮಾತಾಡುವುದು ಅಲ್ಲೇ ಮೊದಲು. ವಿಶೇಷ ಪರಿಸ್ಥಿತಿಯಲ್ಲಿ ಕರ್ತವ್ಯದಲ್ಲಿರುವ ಸೈನಿಕನ ವಿರುದ್ಧ ಅವರ ಗೈರಿನಲ್ಲೇ ತೀರ್ಪಾಗದಂತೆ 1925ರ ಸೈನಿಕರ ವ್ಯಾಜ್ಯ ಕಾಯ್ದೆ ರಕ್ಷಣೆ ಕೊಡುತ್ತದೆ. ಕೇಸು ಎಳೆಯುತ್ತಿದೆ ಎಂದು ಕೋಪ ಬಂದಾಗ ಇದು ನೆನಪಿರಲಿ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ (ನಾಲ್ಸಾ) 2025ರ ಜುಲೈ 26ರಂದು ಆರಂಭಿಸಿದ ವೀರ ಪರಿವಾರ ಸಹಾಯತಾ ಯೋಜನೆ ಸೈನಿಕ ಕುಟುಂಬಗಳ ಕಾನೂನು ನೆರವಿಗೆಂದೇ ಇದೆ, ಮಂಗಳೂರಿನ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯಲ್ಲಿ ವಿಚಾರಿಸಿ.

## ನಿವೃತ್ತಿ, ಅಗಲಿಕೆ ಮತ್ತು ಮುಂದೆ

ಪೆನ್ಷನ್ ಆಗಿ ಬಂದರು. ಇಷ್ಟು ವರ್ಷ ಕಾದದ್ದು ಇದಕ್ಕಾ ಅನ್ನಿಸ್ತದೆ.

ಜವಾನರು ನಲವತ್ತರ ಆಸುಪಾಸಿನಲ್ಲೇ ಮನೆಗೆ ಬರುತ್ತಾರೆ. ಊರಿನ ಗೆಳೆಯರು ಆಗ ಉದ್ಯೋಗದ ಮಧ್ಯದಲ್ಲಿರುತ್ತಾರೆ. ‘ಹವಾಲ್ದಾರ್ ಸಾಬ್’ ಎಂದು ಕರೆಯುವವರಿಲ್ಲ, ಬೆಳಿಗ್ಗೆ ಸಾಲಾಗಿ ನಿಲ್ಲುವ ಫಾಲ್‌ಇನ್ ಇಲ್ಲ, ಸೆಕ್ಯೂರಿಟಿ ಕೆಲಸಕ್ಕೆ ಹೋದರೆ ಮರ್ಯಾದೆಯ ಪ್ರಶ್ನೆ. ಆ ಇರಿಸುಮುರಿಸು ಹೆಂಡತಿ, ಮಕ್ಕಳ ಮೇಲೆ ಆರ್ಡರ್ ಆಗಿ ಇಳಿಯುತ್ತದೆ. ರಜೆಯಲ್ಲಿ ಎರಡು ತಿಂಗಳು ಸಹಿಸಿದ್ದನ್ನು ಜೀವನವಿಡೀ ಸಹಿಸಲಾಗದು.

ಮೊದಲ ವರ್ಷ ಕಷ್ಟ ಎಂದು ಇಬ್ಬರೂ ಒಪ್ಪಿಕೊಂಡರೆ ಅರ್ಧ ಹಗುರ. ಬಂದ ಹಣವನ್ನೆಲ್ಲ ತಕ್ಷಣ ಮನೆ ಕಟ್ಟಲು ಹಾಕಿ ಸಾಲಕ್ಕೆ ಬೀಳಬೇಡಿ, ಈ ಊರಿನ ಬಹಳ ಜಗಳ ಆ ತಾರಸಿಯ ಕೆಳಗೇ ಇದೆ. ಮನೆಯ ಹೊರಗೆ ಅವರಿಗೆ ದಿನಕ್ಕೆ ನಾಲ್ಕು ಗಂಟೆಯ ಕೆಲಸ ಬೇಕೇಬೇಕು. ಕೃಷಿ, ಮಾಜಿ ಸೈನಿಕರ ಸಂಘ, ಸೇನೆಗೆ ಸೇರುವ ಹುಡುಗರಿಗೆ ಓಟದ ತರಬೇತಿ, ಯಾವುದಾದರೂ ಸರಿ.

ಗಂಡ ಹುತಾತ್ಮರಾದರು. ಅಳಲಿಕ್ಕೂ ಆಗುವುದಿಲ್ಲ, ಎಲ್ಲರೂ ‘ಹೆಮ್ಮೆ ಪಡು’ ಅಂತಾರೆ.

ಹೆಮ್ಮೆಯೂ ನಿಜ, ದುಃಖವೂ ನಿಜ. ಅಳುವ ಹಕ್ಕನ್ನು ಯಾರಿಗೂ ಬಿಟ್ಟುಕೊಡಬೇಡಿ. ಜುಲೈ 26ರ ಕಾರ್ಗಿಲ್ ವಿಜಯ ದಿನಕ್ಕೆ ಮಂಗಳೂರಿನ ಕದ್ರಿಯ ಯುದ್ಧಸ್ಮಾರಕಕ್ಕೆ ಬಂದು ಹಾರ ಹಾಕಲು ಆಗದಿದ್ದರೆ ಬರಬೇಕಾಗಿಲ್ಲ. ಪಿಂಚಣಿ, ಪರಿಹಾರದ ಕಾಗದಕ್ಕೆ ಮೊದಲ ತಿಂಗಳುಗಳಲ್ಲಿ ಒಬ್ಬರೇ ಸಹಿ ಮಾಡಬೇಡಿ, ನಂಬಿಕೆಯ ಅಣ್ಣನನ್ನೋ ಸೈನಿಕ ಕಲ್ಯಾಣ ಕಚೇರಿಯ ಸಿಬ್ಬಂದಿಯನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. 1966ರಿಂದ ಇರುವ ಆವಾ, ಅಂದರೆ ಸೈನಿಕರ ಪತ್ನಿಯರ ಕಲ್ಯಾಣ ಸಂಘ, ವೀರನಾರಿಯರ, ಅಂದರೆ ಹುತಾತ್ಮರ ಪತ್ನಿಯರ, ಜೊತೆ ನಿಲ್ಲುತ್ತದೆ. ವರ್ಷ ಕಳೆದರೂ ದಿನ ದೂಡಲಾಗದಷ್ಟು ದುಃಖ ಹಾಗೇ ಇದ್ದರೆ ಅದಕ್ಕೂ ಚಿಕಿತ್ಸೆ ಇದೆ. ಮರುಮದುವೆಯ ಮಾತು ಬಂದರೆ, ಅದು ನಿಮ್ಮ ತೀರ್ಮಾನ. ಪಿಂಚಣಿಯ ನಿಯಮ ಏನು ಹೇಳುತ್ತದೆ ಎಂದು ಲಿಖಿತವಾಗಿ ಕೇಳಿ ತಿಳಿದ ಮೇಲೆ ಮುಂದುವರಿಯಿರಿ.

ನಮ್ಮ ಕಡೆಯ ನಾಲ್ಕೈದು ಮಿಲ್ಟ್ರಿ ಮನೆಯವರು ಒಟ್ಟು ಸೇರುವ ಅಂತ ಉಂಟು. ಹೇಗೆ ಶುರು ಮಾಡುವುದು?

ಈ ಪ್ರಶ್ನೆ ಬಂದಾಗ ನನಗೆ ಬಹಳ ಸಂತೋಷ. ದಂಡುಪ್ರದೇಶ ಇಲ್ಲದ ಊರಿನಲ್ಲಿ ನೆರೆಯನ್ನು ನಾವೇ ಕಟ್ಟಿಕೊಳ್ಳಬೇಕು. ತಿಂಗಳಿಗೊಂದು ಭಾನುವಾರ, ಒಬ್ಬರ ಮನೆಯ ಚಾವಡಿ, ಚಹಾ, ಅಷ್ಟು ಸಾಕು. ಮಕ್ಕಳನ್ನೂ ಕರೆತನ್ನಿ, ‘ನಿನ್ನ ಅಪ್ಪನೂ ಇಲ್ಲವಾ’ ಎಂದು ಅವರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳಲಿ. ಕೆಲವು ಕಟ್ಟು ಮೊದಲೇ ಹಾಕಿಕೊಳ್ಳಿ: ಗಂಡಂದಿರ ರ್‍ಯಾಂಕ್ ಚಪ್ಪಲಿಯ ಜೊತೆ ಹೊರಗೆ, ಸುಬೇದಾರರ ಮನೆಯವರೂ ಅಗ್ನಿವೀರನ ಅಮ್ಮನೂ ಒಂದೇ ಚಾಪೆ. ಅಲ್ಲಿ ಕೇಳಿದ್ದು ಅಲ್ಲೇ ಉಳಿಯಬೇಕು. ಗಂಡಂದಿರು ಎಲ್ಲಿದ್ದಾರೆ, ಯಾವಾಗ ಎಲ್ಲಿಗೆ ಹೊರಡುತ್ತಾರೆ ಎಂಬುದನ್ನು ಬಾಯಲ್ಲಿ ಆಡುವುದೂ ಬೇಡ, ವಾಟ್ಸಾಪ್ ಗುಂಪಿನಲ್ಲಿ ಹಾಕುವುದೂ ಬೇಡ.

ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾತಿಯನ್ನು ಗೊತ್ತುಮಾಡಿ. ಮಧ್ಯರಾತ್ರಿ ಮಗುವಿಗೆ ಜ್ವರ ಬಂದರೆ, ಅಳು ತಡೆಯಲಾಗದಿದ್ದರೆ, ಮೊದಲ ಫೋನ್ ಅವಳಿಗೆ. ಮೂರನೆಯ ಅಥವಾ ನಾಲ್ಕನೆಯ ಸಲ ಸೇರುವಾಗ ತಾಲೂಕು ಆಸ್ಪತ್ರೆಯ ಆಪ್ತಸಮಾಲೋಚಕರನ್ನು ಕರೆಯಿರಿ, ಕೇಳಿದರೆ ಬರುತ್ತಾರೆ. ಮೊದಲ ಸಲವೇ ಕರೆದರೆ ಯಾರೂ ಬಾಯಿ ಬಿಡುವುದಿಲ್ಲ.